ಹಾಡು ಅರ್ಧ ದಾಟಿದ ಮೇಲೆ

ಪ್ರೀತಿಯ ಪುಟ್ಟೀ,

ನಿನ್ನ ಮೆಸೇಜುಗಳನ್ನೆಲ್ಲ ಒಟ್ಟಿಗೆ ಕೂತು ಓದಿದೆ. ಫೋನಿನಲ್ಲಿ ಎರಡೆರಡು ಸಾಲು ಬರೆದು ಕಳಿಸಿದರೆ ನನಗೆ ಸಮಾಧಾನವಾಗುವುದಿಲ್ಲ, ಅದಕ್ಕೇ ಈ ಉದ್ದನೆಯ ಕಾಗದ. ಮನೆಯಲ್ಲಿ ಎಲ್ಲರೂ ಕ್ಷೇಮ. ದೊಡ್ಡಮ್ಮನ ಸಕ್ಕರೆ ಹತೋಟಿಗೆ ಬಂದಿದೆ, ಮಾವಿನಹಣ್ಣಿನ ಬುಟ್ಟಿಯನ್ನು ಮಾತ್ರ ಅವಳ ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲೆ ಇಟ್ಟಿದ್ದೇವೆ. ಹಿತ್ತಲಿನ ಸಂಪಿಗೆ ಮಳೆಗೆ ಮೊದಲೇ ಬಿಟ್ಟಿದೆ.

ನೀನು ಜೆರ್ಸಿ ಸಿಟಿಯಲ್ಲಿ ಸಾಲ್ಸಾ ಕ್ಲಾಸಿಗೆ ಸೇರಿದ್ದು ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ? ಆಫೀಸು, ಮನೆ, ಮತ್ತೆ ಲ್ಯಾಪ್‌ಟಾಪು ಅಂತ ಹೋದ ಚಳಿಗಾಲವನ್ನೆಲ್ಲ ನೀನು ಒಬ್ಬಳೇ ಕಳೆದದ್ದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಈಗ ವಾರಕ್ಕೊಂದು ಸಲವಾದರೂ ನಾಲ್ಕು ಜನರ ಮುಖ ನೋಡುತ್ತೀಯಲ್ಲ, ಅಷ್ಟು ಸಾಕು. ಒನ್-ಟೂ-ಥ್ರೀ, ಫೈವ್-ಸಿಕ್ಸ್-ಸೆವೆನ್ ಎಂದು ಬಾಯಲ್ಲೇ ಎಣಿಸುತ್ತ ಜೊತೆಗಾರನ ಕಾಲು ತುಳಿದೆ ಅಂದೆಯಲ್ಲ, ಅದನ್ನು ಓದಿ ತುಂಬ ನಕ್ಕೆ. ಹೊಸ ಚಪ್ಪಲಿಗೆ ಕೊಟ್ಟ ದುಡ್ಡಿನ ಲೆಕ್ಕವನ್ನು ಚಿಕ್ಕಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಆದರೆ ನೀನು ಬರೆದ ಒಂದು ಮಾತು ಮಾತ್ರ ಎರಡು ದಿನ ನನ್ನನ್ನು ಬಿಡಲಿಲ್ಲ. ‘ಹಾಡು ಅರ್ಧದವರೆಗೆ ಚೆನ್ನಾಗಿರುತ್ತೆ ಅಕ್ಕಾ, ಆಮೇಲೆ ಒಂದೇ ಸಾಲನ್ನು ಹೇಳಿದ್ದೇ ಹೇಳುತ್ತಾರೆ, ಬೇಜಾರು’ ಅಂದೆ. ಅಯ್ಯೋ ಹುಡುಗೀ, ಆ ಹಾಡನ್ನು ಕಟ್ಟಿರುವುದೇ ಆ ಜಾಗಕ್ಕಾಗಿ ಕಣೇ. ಅದರ ಹೆಸರು ಮೊಂತೂನೊ. ಈ ಸಂಗೀತದ ನೂರು ವರ್ಷದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳು ಅಂದರೆ, ಮೊಂತೂನೊವನ್ನು ಉದ್ದ ಮಾಡುತ್ತಾ ಹೋದವರ ಕಥೆ ಎಂದು ನಾನು ಹೇಳುತ್ತೇನೆ.

ಹಾಡಿನ ಮೊದಲ ಭಾಗದಲ್ಲಿ ಗಾಯಕ ತಾನು ಹೇಳಬೇಕಾದ್ದನ್ನು ಹೇಳುತ್ತಾನೆ. ಯಾರನ್ನೋ ಪ್ರೀತಿಸಿದ್ದು, ಯಾವುದೋ ಊರು ಬಿಟ್ಟದ್ದು, ಬೀದಿಯಲ್ಲಿ ಕಂಡದ್ದು. ಅದು ಮೊದಲೇ ಬರೆದಿಟ್ಟ ಸಾಹಿತ್ಯ. ಆಮೇಲೆ ಹಿಮ್ಮೇಳ ಒಂದು ಚಿಕ್ಕ ಸಾಲನ್ನು ಹಿಡಿಯುತ್ತದೆ, ಅದನ್ನು ಬದಲಾಯಿಸುವುದಿಲ್ಲ. ಆ ಸಾಲು ಒಂದು ಸಲ ಮುಗಿದು ಮತ್ತೆ ಬರುವುದರೊಳಗೆ ಸಿಗುವ ಸಣ್ಣ ಜಾಗದಲ್ಲಿ ಗಾಯಕ ಆ ಕ್ಷಣಕ್ಕೆ ಹೊಳೆದದ್ದನ್ನು ಹಾಡುತ್ತಾನೆ. ಎದುರಿಗೆ ಕುಣಿಯುತ್ತಿರುವವರ ಹೆಸರು ಸೇರಿಸುತ್ತಾನೆ, ಪಿಯಾನೊದವನನ್ನು ಕಿಚಾಯಿಸುತ್ತಾನೆ, ತನ್ನೂರನ್ನು ನೆನೆಯುತ್ತಾನೆ. ನಮ್ಮ ಅಜ್ಜಿ ಹಸೆಮಣೆಯ ಮುಂದೆ ಸೋಬಾನೆ ಹೇಳುವಾಗ ಹೆಂಗಸರೆಲ್ಲ ಸೊಲ್ಲು ಹಿಡಿಯುತ್ತಿದ್ದರು, ಅಜ್ಜಿ ಮಾತ್ರ ನಡುವೆ ಬೀಗರ ಮೇಲೆ ಹೊಸ ಹೊಸ ಸಾಲು ಕಟ್ಟಿ ಎಲ್ಲರನ್ನೂ ನಗಿಸುತ್ತಿದ್ದಳಲ್ಲ, ಹಾಗೆ. ಅಜ್ಜಿಯ ಸೊಲ್ಲು ನಿನಗೆ ಯಾವತ್ತಾದರೂ ಬೇಜಾರು ತಂದಿತ್ತಾ ಹೇಳು. ಸ್ಪ್ಯಾನಿಷ್ ಬಾರದಿರುವುದರಿಂದ ನಿನಗೆ ಹಿಮ್ಮೇಳದ ಸಾಲಷ್ಟೇ ಕಿವಿಗೆ ಬೀಳುತ್ತಿದೆ, ನಡುವಿನ ಆಟ ತಪ್ಪಿಹೋಗುತ್ತಿದೆ.

ಆ ತಿರುವನ್ನು ಹಿಡಿಯಲು ಭಾಷೆ ಬೇಡ. ಗಂಟೆಯ ಸದ್ದಿಗೆ ಕಿವಿ ಕೊಡು. ಹಾಡಿನ ಮೊದಲರ್ಧದಲ್ಲಿ ಬೊಂಗೊ ಬಾರಿಸುವವನು ತನ್ನ ಜೋಡಿ ಡ್ರಮ್ಮಿನ ಮೇಲೆ ಬೆರಳಾಡಿಸುತ್ತಾ ಮೆತ್ತಗಿರುತ್ತಾನೆ. ಮೊಂತೂನೊ ಬಂದ ತಕ್ಷಣ ಬೊಂಗೊ ಬಿಟ್ಟು, ಕೈಯಲ್ಲಿ ಹಿಡಿಯುವ ದೊಡ್ಡ ಗಂಟೆಯನ್ನು ಎತ್ತಿಕೊಂಡು ಕೋಲಿನಿಂದ ಹೊಡೆಯತೊಡಗುತ್ತಾನೆ. ನೆಲದ ಮೇಲೆ ಕಾಲುಗಳು ಒಮ್ಮೆಲೇ ಹಗುರಾಗುವುದನ್ನು ಆಗ ಗಮನಿಸು. ಇನ್ನೊಂದು ವಿಷಯ, ನಿನ್ನ ಕಾಲು ತುಳಿಯುವ ಅಭ್ಯಾಸಕ್ಕೆ ಸಂಬಂಧಪಟ್ಟದ್ದು. ಬೇಸ್ ಸಾಮಾನ್ಯವಾಗಿ ಒಂದನೇ ಎಣಿಕೆಯಲ್ಲಿ ಹೊಸ ಸ್ವರ ಹಿಡಿಯುವುದಿಲ್ಲ, ಮುಂದಿನ ಸುತ್ತಿನ ಸ್ವರವನ್ನು ಹಿಂದಿನ ಸುತ್ತಿನ ನಾಲ್ಕರಲ್ಲೇ ನುಡಿಸಿಬಿಡುತ್ತದೆ. ನೀನು ಬೇಸ್ ಕೇಳಿಕೊಂಡು ಒಂದು ಎಂದು ಹೆಜ್ಜೆ ಇಟ್ಟರೆ ಇಡೀ ಒಂದು ಎಣಿಕೆ ಮುಂಚೆ ಇಡುತ್ತೀಯ. ಪಾಪ, ಆ ಜೊತೆಗಾರನ ಕಾಲಿಗೆ ಅದೇ ಕಂಟಕ ಇರಬೇಕು.

ಇದೆಲ್ಲದರ ಕೆಳಗೆ ಕ್ಲಾವೆ ಇದೆ. ಗಟ್ಟಿ ಮರದ ಎರಡು ತುಂಡು ಕೋಲು, ಐದು ಏಟು, ಅಷ್ಟೇ. ನಿಧಾನವಾಗಿ ಹದಿನಾರು ಎಣಿಸಿಕೊಂಡು 1, 4, 7, 11, 13ರಲ್ಲಿ ಚಪ್ಪಾಳೆ ತಟ್ಟಿ ನೋಡು. ಮೊದಲ ಅರ್ಧದಲ್ಲಿ ಮೂರು, ಎರಡನೇ ಅರ್ಧದಲ್ಲಿ ಎರಡು. ಮೂರು ಏಟಿನ ಕಡೆ ಮೈ ಮುಂದಕ್ಕೆ ವಾಲುತ್ತದೆ, ಎರಡರ ಕಡೆ ನೆಲ ಸಿಗುತ್ತದೆ. ಕೆಲವು ಹಾಡುಗಳು ಎರಡರ ಕಡೆಯಿಂದಲೇ ಹೊರಡುತ್ತವೆ. ಎಷ್ಟೋ ಸಲ ಆ ಕೋಲುಗಳನ್ನು ಯಾರೂ ಬಾರಿಸುತ್ತಲೇ ಇರುವುದಿಲ್ಲ, ಆದರೂ ಪಿಯಾನೊ, ತುತ್ತೂರಿ, ಹಿಮ್ಮೇಳ ಎಲ್ಲವೂ ಅದಕ್ಕೆ ಹೊಂದಿಕೊಂಡೇ ನಡೆಯುತ್ತವೆ. ಚಿಕ್ಕಂದಿನಲ್ಲಿ ತಾಳ ಹಾಕಿ ಕಲಿತ ಕೈ ನಿನ್ನದು, ಒಂದು ಸಂಜೆಯಲ್ಲಿ ಬಂದೀತು. ಬಸ್ಸಿನಲ್ಲಿ ಮಾತ್ರ ಅಭ್ಯಾಸ ಮಾಡಬೇಡ, ಇಳಿಯುವ ಸ್ಟಾಪು ಮರೆಯುವವಳು ನೀನು.

ಈ ಸಂಗೀತ ಬಂದದ್ದು ಕ್ಯೂಬಾದ ಪೂರ್ವದಿಂದ. ಸಾಂತಿಯಾಗೊ, ಗ್ವಾಂತಾನಾಮೊ ಕಡೆಯ ಬೆಟ್ಟದೂರುಗಳಲ್ಲಿ ಸೊನ್ ಎಂಬ ಹಾಡು ಬೆಳೆಯಿತು. ಸ್ಪೇನಿನ ಗಿಟಾರಿನಿಂದ ಹುಟ್ಟಿದ ತ್ರೆಸ್ ಎಂಬ ಪುಟ್ಟ ವಾದ್ಯ, ಆಫ್ರಿಕದಿಂದ ಬಂದ ಜನರ ಕೈಯಲ್ಲಿ ರೂಪುಗೊಂಡ ಬೊಂಗೊ, ಎರಡೂ ಒಂದೇ ಜಗಲಿಯಲ್ಲಿ ಕೂತವು. ಕಬ್ಬಿನ ಗದ್ದೆಗಳಲ್ಲಿ ದುಡಿಸಲು ಹಿಡಿದು ತಂದ ಆ ಜನರಿಗೆ ಕ್ಯೂಬಾದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕಿದ್ದು 1886ರಲ್ಲಿ. ಅಂದರೆ ಸೊನ್ ಹವಾನಾ ತಲುಪಿ, 1920ರ ದಶಕದಲ್ಲಿ ಸೆಕ್ಸ್‌ತೆತೊ ಹಬನೇರೊದಂಥ ತಂಡಗಳು ಅದನ್ನು ರೆಕಾರ್ಡಿಗೆ ಹಾಡುವಾಗ, ಗುಲಾಮರಾಗಿ ಹುಟ್ಟಿದ ಅಜ್ಜ ಅಜ್ಜಿಯರು ಇನ್ನೂ ಮನೆಯಲ್ಲಿ ಬದುಕಿದ್ದರು. ಈ ಹಾಡುಗಳನ್ನು ಬರೀ ಪಾರ್ಟಿಗೆ ಅಂದುಕೊಂಡು ಕೇಳುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಅಂಥ ಒಂದು ಮನೆಯವನು ಅರ್ಸೇನಿಯೊ ರೊಡ್ರಿಗೆಸ್. ಇವನ ಬಗ್ಗೆ ನಿನಗೆ ಹೇಳಲೇಬೇಕು ಅಂತಲೇ ನಾನು ಪೆನ್ನು ಹಿಡಿದದ್ದು. 1911ರಲ್ಲಿ ಮಾತಾನ್ಸಾಸ್ ಪ್ರಾಂತ್ಯದಲ್ಲಿ ಹುಟ್ಟಿದ. ಕಾಂಗೊ ಮೂಲದ ಕುಟುಂಬ, ಹಿರಿಯರ ಹಾಡು ಕೇಳಿಕೊಂಡೇ ಬೆಳೆದ. ಚಿಕ್ಕವನಿದ್ದಾಗ ಕೊಟ್ಟಿಗೆಯ ಪ್ರಾಣಿಯೊಂದು ತಲೆಗೆ ಒದ್ದು ಎರಡೂ ಕಣ್ಣು ಹೋದವು. ದೊಡ್ಡವನಾಗಿ ತ್ರೆಸ್ ಹಿಡಿದ ಮೇಲೆ ಜನ ಅವನನ್ನು ಅದ್ಭುತ ಕುರುಡ ಎಂದೇ ಕರೆದರು. 1937ರಲ್ಲಿ ಅವನು ಬರೆದ ‘ಬ್ರೂಕಾ ಮನೀಗ್ವಾ’ ಆಫ್ರಿಕದಿಂದ ತಂದ ಗುಲಾಮನೊಬ್ಬನ ಬಾಯಲ್ಲಿ, ಅವನದೇ ಮುರುಕು ಸ್ಪ್ಯಾನಿಷಿನಲ್ಲಿ ನಡೆಯುವ ಹಾಡು. ಅದನ್ನು ಮೊದಲು ಜನಪ್ರಿಯ ಮಾಡಿದ್ದು ಹವಾನಾದ ಸಿರಿವಂತರ ಕ್ಯಾಸಿನೊದಲ್ಲಿ ನುಡಿಸುತ್ತಿದ್ದ ತಂಡ.

1940ರ ಹೊತ್ತಿಗೆ ಅವನು ಮಾಡಿದ ಕೆಲಸ ಇವತ್ತಿಗೂ ನಿನ್ನ ಕ್ಲಾಸಿನ ಸ್ಪೀಕರಿನಲ್ಲಿ ಕೇಳಿಸುತ್ತದೆ. ಅಲ್ಲಿಯವರೆಗೆ ಸೊನ್ ತಂಡದಲ್ಲಿ ಒಂದೇ ತುತ್ತೂರಿ. ಅವನು ಅದನ್ನು ಎರಡು ಮಾಡಿದ, ಮೂರು ಮಾಡಿದ. ಪಿಯಾನೊ ಸೇರಿಸಿದ. ಬೀದಿಯ ರುಂಬಾದಲ್ಲಿ, ಮೆರವಣಿಗೆಯಲ್ಲಿ ಬಾರಿಸುತ್ತಿದ್ದ ಕೊಂಗಾ ಡ್ರಮ್ಮನ್ನು ತಂದು ತಂಡದ ಮಧ್ಯೆ ನಿಲ್ಲಿಸಿದ. ಆ ಡ್ರಮ್ಮನ್ನು ದೊಡ್ಡವರ ಸಭೆಗೆ ತರುವುದು ಅಗೌರವ ಎಂದು ಅನ್ನಿಸುತ್ತಿದ್ದ ಕಾಲ ಅದು. ಜೊತೆಗೆ ವೇಗ ಇಳಿಸಿದ. ಅವಸರವಿಲ್ಲದ ಆ ನಡೆಯ ಮೇಲೆ ಮೊಂತೂನೊವನ್ನು ಹಿಗ್ಗಿಸಿ, ಕೊನೆಯಲ್ಲಿ ತುತ್ತೂರಿಗಳು ಒಂದರ ಮೇಲೊಂದು ಏರುವ ಹೊಸ ಭಾಗವನ್ನೇ ಕಟ್ಟಿದ. ಅದಕ್ಕೆ ಅವನು ದಿಯಾಬ್ಲೊ ಎಂದು ಹೆಸರಿಟ್ಟ. ‘ದಾಮೆ ಉನ್ ಕಚೀತೊ ಪಾ ವೆಲೆ’ ಕೇಳು, 1946ರದು. ಮೊದಲ ನಿಮಿಷದಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ತಾಳ್ಮೆ ಇರಲಿ. ಕೊನೆಗೆ ತುತ್ತೂರಿಗಳು ಬಂದಾಗ ನೀನು ಕೂತಲ್ಲಿ ಕೂರಲಾರೆ.

1947ರಲ್ಲಿ ಅವನು ಕಣ್ಣಿನ ಚಿಕಿತ್ಸೆಗೆಂದು ನ್ಯೂಯಾರ್ಕಿಗೆ ಹೋದ. ಅಲ್ಲೊಬ್ಬ ಹೆಸರಾಂತ ಕಣ್ಣಿನ ವೈದ್ಯರು ನೋಡಿ, ನರಗಳೇ ಸತ್ತಿವೆ, ದೃಷ್ಟಿ ಬರುವುದಿಲ್ಲ ಎಂದು ಹೇಳಿಬಿಟ್ಟರು. ಆ ದುಃಖದಲ್ಲೇ ‘ಲಾ ವೀದಾ ಎಸ್ ಉನ್ ಸುಯೆನ್ಯೊ’ ಕಟ್ಟಿದ ಎನ್ನುತ್ತಾರೆ. ಬದುಕೊಂದು ಕನಸು ಎನ್ನುವ ಬೊಲೇರೊ, ನಿಧಾನದ ಹಾಡು ಅದು. ರಾತ್ರಿ ಒಬ್ಬಳೇ ಇರುವಾಗ ಅದನ್ನು ಹಚ್ಚಿಕೊಳ್ಳಬೇಡ, ಆಮೇಲೆ ನನಗೆ ಅತ್ತುಕೊಂಡು ಫೋನ್ ಮಾಡುತ್ತೀಯ. ಮುಂದೆ ಅವನು ಅಮೆರಿಕದಲ್ಲೇ ನೆಲೆಸಿದ. ಅವನು ಉದ್ದ ಮಾಡಿದ ದಾರಿಯಲ್ಲಿ ನಡೆದ ಬೇರೆಯವರಿಗೆ ಹೆಸರು, ಹಣ ಎರಡೂ ಬಂದವು. ಅವನು 1970ರ ಡಿಸೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ, ಕೈಯಲ್ಲಿ ಹೆಚ್ಚೇನೂ ಇಲ್ಲದೆ ತೀರಿಕೊಂಡ. ಮರುವರ್ಷವೇ ಬ್ರೂಕ್ಲಿನ್‌ನ ಯಹೂದಿ ಹುಡುಗ, ಪಿಯಾನೊ ವಾದಕ ಲಾರಿ ಹಾರ್ಲೊ ಅವನಿಗೆ ಗೌರವವಾಗಿ ಒಂದು ಇಡೀ ಆಲ್ಬಂ ಮಾಡಿದ. ಬದುಕಿದ್ದಾಗ ಬರಬೇಕಿತ್ತು ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ.

ಅರ್ಸೇನಿಯೊ ಹವಾನಾದಲ್ಲಿದ್ದ ಕಾಲದಲ್ಲೇ ಆ ಊರಿನ ಇನ್ನೊಂದು ಕಡೆ ದಾನ್ಸೊನ್ ಎಂಬ ನಾಜೂಕಿನ ನೃತ್ಯಸಂಗೀತ ನಡೆದಿತ್ತು. ಅಲ್ಲಿಯೂ ಆದದ್ದು ಇದೇ. ಓರೆಸ್ತೆಸ್ ಲೋಪೆಸ್ ಮತ್ತು ಅವನ ತಮ್ಮ ಕಚಾವೊ 1938ರ ಹೊತ್ತಿಗೆ ದಾನ್ಸೊನ್‌ನ ಕೊನೆಯ ಭಾಗವನ್ನು ಬಿಚ್ಚಿ ಹರಡಿದರು, ಮಾಂಬೊ ಎಂಬ ಹೆಸರು ಅಲ್ಲಿಂದ ಬಂತು. ಆಮೇಲೆ ಎನ್ರಿಕೆ ಹೊರ್ರಿನ್ ಎಂಬ ಪಿಟೀಲುವಾದಕ ವೇದಿಕೆಯಿಂದ ಜನರ ಕಾಲುಗಳನ್ನೇ ನೋಡುತ್ತಿದ್ದ. ಮಾಂಬೊದ ವಕ್ರ ನಡೆಗೆ ಅವರು ತಡವರಿಸುವುದನ್ನು ಕಂಡು ಸರಳವಾದ, ನೇರವಾದ ಒಂದು ಲಯ ಮಾಡಿಕೊಟ್ಟ. ಕುಣಿಯುವವರ ಚಪ್ಪಲಿ ನೆಲಕ್ಕೆ ಉಜ್ಜಿ ಬಂದ ಸದ್ದೇ ಅದರ ಹೆಸರಾಯಿತು: ಚಾ-ಚಾ-ಚಾ. 1953ರಲ್ಲಿ ಬಂದ ಅವನ ‘ಲಾ ಎಂಗನ್ಯಾದೋರಾ’ ಮನೆಮಾತಾಯಿತು. ನಿನ್ನಂಥ ಹುಡುಗಿಯರ ಮೇಲೆ ಕರುಣೆ ಇಟ್ಟು ಮಾಡಿದ ಸಂಗೀತ ನೋಡು, ಅವನ ಹೆಸರು ಹೇಳಿ ಒಂದು ನಮಸ್ಕಾರ ಹಾಕು.

ಅಷ್ಟರಲ್ಲಿ ನಿನ್ನ ಪಕ್ಕದ ಊರಿಗೂ ಇದು ಬಂದಾಗಿತ್ತು. ಮಚಿತೊ 1940ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ತಂಡಕ್ಕೆ ಆಫ್ರೊ-ಕ್ಯೂಬನ್ಸ್ ಎಂದೇ ಹೆಸರಿಟ್ಟ. ಕರಿಯ ಎನ್ನುವುದನ್ನು ಮುಚ್ಚಿಡಬೇಕಿದ್ದ ಕಾಲದಲ್ಲಿ ತಂಡದ ಹೆಸರಿನಲ್ಲೇ ಆಫ್ರಿಕವನ್ನು ಬರೆಸಿದ ಧೈರ್ಯ ಅದು. ಅವನ ಭಾವಮೈದುನ ಮಾರಿಯೊ ಬಾವುಸಾ ಜಾಜ್‌ ಸಂಗೀತದ ತುತ್ತೂರಿಗಳನ್ನು ಕ್ಲಾವೆಯ ಮೇಲೆ ಕೂರಿಸಿದ. ಬ್ರಾಡ್‌ವೇಯ ಪಲೇಡಿಯಂ ಸಭಾಂಗಣದಲ್ಲಿ ಮಚಿತೊ, ಟಿಟೊ ಪುಯೆಂತೆ, ಟಿಟೊ ರೊಡ್ರಿಗೆಸ್ ನುಡಿಸುವಾಗ ಕರಿಯರು, ಬಿಳಿಯರು, ಪೋರ್ಟೊರಿಕೊದವರು, ಯಹೂದಿಗಳು ಒಂದೇ ನೆಲದ ಮೇಲೆ ಕುಣಿದರು.

ಸಾಲ್ಸಾ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಇದೆಲ್ಲ ಆದಮೇಲೆ. ಕ್ಯೂಬಾದ ಕ್ರಾಂತಿಯ ನಂತರ, ಅಮೆರಿಕದ ದಿಗ್ಬಂಧನದಿಂದ ಅಲ್ಲಿನ ಹೊಸ ರೆಕಾರ್ಡುಗಳು ಬರುವುದು ನಿಂತಿತ್ತು. 1964ರಲ್ಲಿ ಡೊಮಿನಿಕನ್ ಕೊಳಲುವಾದಕ ಜಾನಿ ಪಚೆಕೊ ಮತ್ತು ಜೆರಿ ಮಸೂಚಿ ಎಂಬ ವಕೀಲ ಸೇರಿ ಫಾನಿಯಾ ಕಂಪನಿ ಶುರುಮಾಡಿದರು, ಮೊದಮೊದಲು ಕಾರಿನ ಡಿಕ್ಕಿಯಲ್ಲಿ ರೆಕಾರ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಕೊಟ್ಟರು. ಬ್ರಾಂಕ್ಸ್‌ನ ಪೋರ್ಟೊರಿಕೊ ಮನೆತನದ ಹುಡುಗ ವಿಲಿ ಕೊಲೋನ್ ಒರಟು ಟ್ರೊಂಬೋನ್ ತಂದ. ಅವನ ಜೊತೆ ಹಾಡಿದ ಹೆಕ್ಟರ್ ಲಾವೊ ಇದ್ದಾನಲ್ಲ, ಮೊಂತೂನೊದಲ್ಲಿ ಅವನಷ್ಟು ಚುರುಕಾಗಿ ಮಾತು ಕಟ್ಟಿದವರನ್ನು ನಾನು ಕೇಳಿಲ್ಲ. 1978ರ ‘ಎಲ್ ಕಾಂತಾಂತೆ’ ಹತ್ತು ನಿಮಿಷದ ಹಾಡು, ಬರೆದದ್ದು ರುಬೆನ್ ಬ್ಲೇಡ್ಸ್. ನಗಿಸಲು ವೇದಿಕೆ ಹತ್ತುವವನ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ ಎನ್ನುವ ಆ ಹಾಡು ಲಾವೊನ ಬಾಯಲ್ಲಿ ಅವನದೇ ಕಥೆಯಾಯಿತು. ಚಟ, ಮಗನ ಸಾವು, ಕಾಯಿಲೆ ಎಲ್ಲವನ್ನೂ ಉಂಡು 1993ರಲ್ಲಿ ಹೋದ. ಅವನ ಬಗ್ಗೆ ಹೆಚ್ಚು ಬರೆದರೆ ನನಗೆ ಕಷ್ಟವಾಗುತ್ತದೆ.

1973ರ ಆಗಸ್ಟಿನಲ್ಲಿ ಫಾನಿಯಾ ಆಲ್ ಸ್ಟಾರ್ಸ್ ಯಾಂಕೀ ಸ್ಟೇಡಿಯಮ್ಮಿನಲ್ಲಿ ನುಡಿಸಿದರು. ರೇ ಬರೆತೊ, ಮೊಂಗೊ ಸಾಂತಮರೀಯಾ ಇಬ್ಬರೂ ಎದುರುಬದುರಾಗಿ ಕೊಂಗಾ ಬಾರಿಸುತ್ತಾ ಹೋದಾಗ ಜನಕ್ಕೆ ತಡೆಯಲಾಗಲಿಲ್ಲ. ಬೇಲಿ ದಾಟಿ ಮೈದಾನಕ್ಕೆ ನುಗ್ಗಿದರು, ಕಛೇರಿಯನ್ನೇ ನಿಲ್ಲಿಸಬೇಕಾಯಿತು. ನೀನು ಬೇಜಾರು ಅಂದ ಜಾಗದಲ್ಲಿ ಹೀಗೂ ಆಗಿದೆ ಕಣೇ!

ಒಂದು ಮಾತನ್ನು ಮಾತ್ರ ಮುಚ್ಚಿಡಲಾರೆ. ಆ ಕಾಲದ ನ್ಯೂಯಾರ್ಕ್ ರೆಕಾರ್ಡುಗಳಲ್ಲಿ ಎಷ್ಟೋ ಹಳೆಯ ಕ್ಯೂಬನ್ ಹಾಡುಗಳ ಪಕ್ಕ ಕಟ್ಟಿದವನ ಹೆಸರಿನ ಬದಲು ಡಿ.ಆರ್. ಎಂದು ಎರಡಕ್ಷರ ಅಚ್ಚಾಗಿದೆ. ಹಾಡು ನ್ಯೂಯಾರ್ಕಿನಲ್ಲಿ ಮಾರಾಟವಾಗುತ್ತಿತ್ತು, ಕಟ್ಟಿದವನು ಸಮುದ್ರದಾಚೆ ಇದ್ದ, ಕಾಸೂ ತಲುಪಲಿಲ್ಲ, ಹೆಸರೂ ಉಳಿಯಲಿಲ್ಲ. ಅದಕ್ಕೇ ನಿನಗೆ ಇಷ್ಟವಾದ ಹಾಡು ಸಿಕ್ಕಾಗಲೆಲ್ಲ ಮೊದಲು ಯಾರು ಕಟ್ಟಿದ್ದು ಅಂತ ಹುಡುಕು. ಹತ್ತರಲ್ಲಿ ಮೂರು ನಾಲ್ಕು ಸಲ ಅರ್ಸೇನಿಯೊ ಹೆಸರೇ ಸಿಕ್ಕರೂ ನನಗೆ ಆಶ್ಚರ್ಯವಿಲ್ಲ.

ಸೆಲಿಯಾ ಕ್ರೂಸ್ ಬಗ್ಗೆ ಹೇಳದಿದ್ದರೆ ನೀನು ಬಿಡುವುದಿಲ್ಲ, ಅವಳ ಬಣ್ಣಬಣ್ಣದ ಟೋಪನ್ನುಗಳ ಫೋಟೊ ನೀನೇ ಕಳಿಸಿದ್ದೀಯಲ್ಲ. ಆ ಹೊಳೆಯುವ ಗೌನಿನ ಒಳಗಿದ್ದ ಹೆಂಗಸನ್ನೂ ಸ್ವಲ್ಪ ನೋಡು. 1925ರಲ್ಲಿ ಹವಾನಾದಲ್ಲಿ ಹುಟ್ಟಿದವಳು. 1950ರಲ್ಲಿ ಸೊನೋರಾ ಮಾತಾನ್ಸೇರಾ ತಂಡ ಸೇರಿದಳು. 1960ರಲ್ಲಿ ತಂಡದ ಜೊತೆ ಕಾರ್ಯಕ್ರಮಕ್ಕೆಂದು ಕ್ಯೂಬಾ ಬಿಟ್ಟವಳು ವಾಪಸು ಹೋಗಿ ನೆಲೆಸಲೇ ಇಲ್ಲ. 1962ರಲ್ಲಿ ತಾಯಿ ತೀರಿಕೊಂಡಾಗ ಸಂಸ್ಕಾರಕ್ಕೆ ಹೋಗಲು ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಪುಟ್ಟೀ, ಅಜ್ಜಿ ಹೋದಾಗ ವೀಸಾದ ಕಾಗದಕ್ಕಾಗಿ ಕಾಯುತ್ತಾ ನೀನು ಆ ಕಡೆಯೇ ಉಳಿದೆಯಲ್ಲ, ಫೋನಿನ ಪರದೆಯಲ್ಲಿ ನಿನ್ನ ಮುಖ ನೋಡಲಾಗದೆ ನಾನು ಒಳಗೆ ಹೋಗಿಬಿಟ್ಟಿದ್ದೆ. ಸೆಲಿಯಾಳ ಕಥೆ ಓದುವಾಗ ನನಗೆ ನಿನ್ನದೇ ನೆನಪು. 1990ರಲ್ಲಿ ಗ್ವಾಂತಾನಾಮೊದ ಅಮೆರಿಕನ್ ನೆಲೆಯಲ್ಲಿ ಹಾಡಲು ಹೋದಾಗ ಬೇಲಿಯ ಆಚೆಗೆ ಕೈಚಾಚಿ ತನ್ನ ನಾಡಿನ ಒಂದಿಷ್ಟು ಮಣ್ಣು ತೆಗೆದುಕೊಂಡಳು. 2003ರಲ್ಲಿ ಅವಳು ತೀರಿಕೊಂಡಾಗ ಆ ಮಣ್ಣನ್ನು ಅವಳ ಜೊತೆಗೇ ಇಟ್ಟರು. ಇಷ್ಟು ತಿಳಿದ ಮೇಲೆ ಅವಳು ವೇದಿಕೆಯ ಮೇಲೆ ‘ಅಸೂಕರ್!’ ಎಂದು ಕೂಗುವುದನ್ನು ಇನ್ನೊಂದು ಸಲ ಕೇಳು. ಅವಳ ಸಂತೋಷ ನಿಜವಾದದ್ದು, ಒಂದು ಚೂರೂ ನಟನೆಯಿಲ್ಲ. ಅಷ್ಟು ಕಳೆದುಕೊಂಡವಳು ಮೊಂತೂನೊದಲ್ಲಿ ಹಿಮ್ಮೇಳದ ಸಾಲು ಮತ್ತೆ ಮತ್ತೆ ಬರುವುದನ್ನು ನಂಬಿಕೊಂಡು ಅದರ ಮೇಲೆ ಎಷ್ಟು ಧೈರ್ಯವಾಗಿ ಹಾರುತ್ತಾಳೆ ನೋಡು.

ಅವಳು ಸತ್ತದ್ದು ನಿನ್ನ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲೇ. ಕ್ಯೂಬಾ ಬಿಟ್ಟು ಬಂದ ಸಾವಿರಾರು ಜನ ನೆಲೆಸಿದ ಯೂನಿಯನ್ ಸಿಟಿ ನಿನಗೆ ಲೈಟ್ ರೈಲಿನಲ್ಲಿ ಹತ್ತಿರ. ಬರ್ಗನ್‌ಲೈನ್ ಅವೆನ್ಯೂದಲ್ಲಿ ಅವಳ ಹೆಸರಿನ ಒಂದು ಪುಟ್ಟ ಪಾರ್ಕೂ ಇದೆ. ಶನಿವಾರ ಮನೆಯಲ್ಲಿ ಮಲಗಿರುವ ಬದಲು ಹೋಗಿ ಬಾ. ಹಗಲು ಹೊತ್ತಿನಲ್ಲಿ ಹೋಗು, ಸ್ವೆಟರ್ ತೆಗೆದುಕೊಂಡು ಹೋಗು, ಅಲ್ಲಿನ ಕಾಫಿ ಕುಡಿ. ನಮ್ಮ ಫಿಲ್ಟರ್ ಕಾಫಿಗಿಂತ ಗಟ್ಟಿ, ರಾತ್ರಿ ನಿದ್ದೆ ಬಾರದಿದ್ದರೆ ನನ್ನನ್ನು ಬಯ್ಯಬೇಡ.

ಚಿಕ್ಕಪ್ಪನಿಗೆ ಇದೆಲ್ಲ ಪರಕೀಯ ಅನ್ನಿಸುತ್ತದೆ ಎಂದು ಹೆದರಬೇಡ. ಅವರು ಭಾನುವಾರ ಬೆಳಿಗ್ಗೆ ಹಚ್ಚುವ ಸಿ. ರಾಮಚಂದ್ರರ ಹಳೆಯ ಹಿಂದಿ ಹಾಡುಗಳಲ್ಲೇ ಲ್ಯಾಟಿನ್ ಲಯ ಬೇಕಾದಷ್ಟಿದೆ. ಮುಂಬೈಯ ಸ್ಟುಡಿಯೊಗಳಿಗೆ ಬೊಂಗೊ, ಕೊಂಗಾ ತಂದ ಕಾವಸ್ ಲಾರ್ಡ್ ಅವರಂಥ ವಾದಕರ ಕೈಯನ್ನು ಅವರು ತಿಳಿಯದೇ ಐವತ್ತು ವರ್ಷದಿಂದ ಮೆಚ್ಚಿಕೊಂಡು ಬಂದಿದ್ದಾರೆ.

ಈ ವಾರ ಕ್ಲಾಸಿನಲ್ಲಿ ಒಂದು ಕೆಲಸ ಮಾಡು. ಒಂದು ಹಾಡಿಗೆ ಕುಣಿಯದೆ ಗೋಡೆಗೆ ಒರಗಿ ನಿಂತು ಬರೀ ಕೇಳು. ಗಂಟೆ ಯಾವಾಗ ಬಂತು, ಹಿಮ್ಮೇಳ ಹಿಡಿದ ಸಾಲು ಯಾವುದು, ಗಾಯಕ ಎಷ್ಟು ಸಲ ಬೇರೆ ಬೇರೆ ಹೇಳಿದ ಅಂತ ನೋಡಿ ನನಗೆ ಬರೆ. ಅರ್ಥವಾಗದ ಮಾತಿದ್ದರೆ ನಿಮ್ಮ ಮೇಡಮ್ಮನ್ನೇ ಕೇಳು, ಕೇಳುವುದಕ್ಕೆ ಸಂಕೋಚ ಬೇಡ. ಕೊಲಂಬಿಯಾದ ಕಾಲಿ ನಗರದವರು ರೆಕಾರ್ಡನ್ನು ಬೇಕೆಂದೇ ಹೆಚ್ಚು ವೇಗದಲ್ಲಿ ತಿರುಗಿಸಿ ಕುಣಿದ ಕಥೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ, ನೀನು ಉತ್ತರ ಬರೆದರೆ ಮಾತ್ರ.

ಅಮ್ಮ ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ, ದೀಪಾವಳಿಗೆ ಟಿಕೆಟ್ ಮಾಡಿಸಿದೆಯಾ ಅಂತ. ಮಾಡಿಸಿದ್ದರೆ ದಿನ ತಿಳಿಸು, ಇಲ್ಲದಿದ್ದರೆ ಇವತ್ತೇ ಮಾಡಿಸು. ಬರುವಾಗ ಆ ಚಪ್ಪಲಿ ತರಬೇಕು, ಪಡಸಾಲೆಯಲ್ಲಿ ನನಗೂ ಎಂಟು ಎಣಿಕೆ ಕಲಿಸಿಕೊಡಬೇಕು.

ಪ್ರೀತಿಯಿಂದ,
ನಿನ್ನ ಅಕ್ಕ